ಗೀಜಗನ ಉತ್ತರಕ್ಕೆ ಕಾದವರು

ತೀರಿಕೊಂಡ ಬಾಡಿಗೆದಾರರ ಖೋಲಿ ಖಾಲಿ ಮಾಡಿಕೊಡು ಎಂದು ಮನೆಯ ಮಾಲಕಿ ಹೇಳಿ ಕಳಿಸಿದ್ದು ನನಗೆ. ನಾನೇನು ಅವರ ರಕ್ತಸಂಬಂಧಿಯಲ್ಲ. ಆದರೆ ಬೆಟಗೇರಿಯ ನಮ್ಮ ಓಣಿಯಲ್ಲಿ ಅವರಿಗೆ ಯಾರಾದರೂ ಇದ್ದರೆ ಅದು ನಾನು ಎಂದು ಎಲ್ಲರೂ ಯಾವಾಗಲೋ ಒಪ್ಪಿಕೊಂಡುಬಿಟ್ಟಿದ್ದರು. ನಾನೂ ಬೇಡ ಎಂದಿರಲಿಲ್ಲ.

“ಪಾತ್ರಿ, ಉಡೂ ಅರಬಿ ಯಾರಿಗರೆ ಕೊಡು,” ಎಂದಳು ಮಾಲಕಿ, ಬಾಗಿಲಲ್ಲೇ ನಿಂತು. “ಆ ಗೂಡು ಏನ ಮಾಡ್ತಿ? ಒಲಿಗೆ ಹಾಕಿದ್ರ ಒಂದ ಹಂಡೆ ನೀರರೆ ಕಾಯ್ತಾವ.”

ಖೋಲಿಯ ತುಂಬ ಗೂಡುಗಳು. ಗೀಜಗನ ಹಕ್ಕಿ ಹುಲ್ಲಿನ ಎಳೆಯಿಂದ ನೇಯುವ, ಸೋರೆಬುರುಡೆಯಂಥ ಗೂಡು. ಈ ಗೋಡೆಯಿಂದ ಆ ಗೋಡೆಗೆ ಮೂರು ತಂತಿ ಬಿಗಿದು, ಅದಕ್ಕೆ ಮೂವತ್ತೊಂದು ಗೂಡು ನೇತುಹಾಕಿದ್ದರು. ಒಳಗೆ ಬಂದವರು ಎಷ್ಟೇ ದೊಡ್ಡವರಿರಲಿ, ತಲೆ ಬಗ್ಗಿಸಿಯೇ ಬರಬೇಕು. ಓಣಿಯವರು ಅವರಿಗೆ ‘ಗೂಡಿನಾಂವ’ ಎಂದು ಹೆಸರಿಟ್ಟಿದ್ದರು. ನಾನು ಕಾಕಾ ಎನ್ನುತ್ತಿದ್ದೆ.

ಕಾಕಾ ಎತ್ತರದ ಆಳು. ಮೂವತ್ತು ವರ್ಷ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದು ಕುತ್ತಿಗೆ ಮುಂದಕ್ಕೆ ಬಾಗಿತ್ತು, ಕಿವಿ ಪೂರಾ ಹೋಗಿತ್ತು. ಕಿಸೆಯಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ಸೈಕಲ್ಲಿನ ಗಂಟೆ ಬಾರಿಸಿ, ಎದುರಿನವರಿಗೆ ಕೇಳಿಸಿತೋ ಇಲ್ಲವೋ ಎಂದು ಅವರ ಮುಖ ನೋಡುತ್ತಿದ್ದರು. ಕೊನೆಯ ವರ್ಷಗಳಲ್ಲಿ ಅವರದು ಸೀರೆಯ ಅಂಚಿನ ನಕ್ಷೆಗೆ ರಟ್ಟು ಹೊಡೆಯುವ ಕೆಲಸ. ರಟ್ಟಿನಲ್ಲಿ ತೂತು ಇದ್ದಲ್ಲಿ ಮಗ್ಗ ಎಳೆಯನ್ನು ಎತ್ತುತ್ತದೆ, ಇಲ್ಲದಲ್ಲಿ ಬಿಡುತ್ತದೆ. ಒಂದು ತೂತು ತಪ್ಪಿದರೆ ನವಿಲಿನ ಕತ್ತು ಮುರಿಯುತ್ತದೆ. ಆ ಕೆಲಸವೂ ಆಮೇಲೆ ಕಂಪ್ಯೂಟರಿನ ಪಾಲಾಯಿತು.

ಕಿವುಡರಾದ ಮೇಲೆ ಮಂದಿ ಅವರಿಂದ ಹೇಗೆ ದೂರವಾದರು ಎಂದು ಒಮ್ಮೆ ಅವರೇ ಹೇಳಿದ್ದರು: “ಮದ್ಲ ಮಾತಾಡ್ತಿದ್ರು. ಆಮ್ಯಾಲ ಒದರಾಕ ಹತ್ತಿದ್ರು. ಒದರೂ ಮನಷ್ಯಾ ‘ಉಂಡ್ರೇನು’ ಅಂತ ಕೇಳ್ತಾನ, ‘ಬರ್ತೇನ್ರಿ’ ಅಂತಾನ, ಅಷ್ಟ. ಯಾರರೆ ಮನಸಿನ ಮಾತ ಒದರತಾರೇನ?” ನನಗೆ ಈ ಮಾತು ಅಡುಗೆ ಮಾಡುವಾಗಲೂ ನೆನಪಾಗುತ್ತದೆ.

ತಮ್ಮ ದನಿ ತಮಗೇ ಕೇಳದ್ದರಿಂದ ಅವರಿಗೆ ಪಿಸುಮಾತು ಬರುತ್ತಿರಲಿಲ್ಲ. ನಮ್ಮ ಬಳಗದ ಒಂದು ಲಗ್ನದಲ್ಲಿ ಮದುಮಗಳು ಬೀಗರು ತಂದ ಸೀರೆ ಉಟ್ಟು ಹಸೆಮಣೆಗೆ ಬಂದಳು. ಕಾಕಾ ನಮ್ಮಪ್ಪನ ಕಿವಿಯಲ್ಲಿ ಗುಟ್ಟು ಹೇಳಲು ಹೋದರು: “ಈ ಸೀರಿ ಹೊಸಾದಲ್ಲ. ನಾಕ ವರ್ಷದ ಹಿಂದ ಇವರ ಹಿರೀ ಸೊಸಿ ಉಟ್ಟಿದ್ಲು. ಅಂಚಿನಾಗ ಮೂರನೇ ಹೂವಿಗೆ ದಂಟ ಇಲ್ಲ, ನೋಡು!” ಇಡೀ ಹಂದರಕ್ಕೆ ಕೇಳಿಸಿತು. ವಾಲಗದವರು ಊದುವುದನ್ನು ನಿಲ್ಲಿಸಿದರು. ಬೀಗಿತಿಯ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ಅವತ್ತಿನಿಂದ ಕಾಕಾ ಊರೊಳಗೆ ಬಾಯಿ ಕಟ್ಟಿಕೊಂಡರು. ಹಾಳಾದ ರಟ್ಟುಗಳನ್ನು ಅಂಗೈಯಗಲ ಕತ್ತರಿಸಿ ಕಿಸೆಯಲ್ಲಿ ಇಟ್ಟುಕೊಳ್ಳತೊಡಗಿದರು. ಮೇಲಿನ ಅರ್ಧದಲ್ಲಿ ತಮ್ಮ ಮಾತು ಬರೆದು, ಕೆಳಗಿನ ಅರ್ಧ ಎದುರಿನವರಿಗೆ ಬಿಡುತ್ತಿದ್ದರು. ಬಹಳ ಜನ ಓದಿ, ತಲೆ ಅಲ್ಲಾಡಿಸಿ, ರಟ್ಟನ್ನು ಹಾಗೇ ವಾಪಸು ಕೊಡುತ್ತಿದ್ದರು.

ತಿರುಗಿ ಬರೆಯುತ್ತಿದ್ದವಳು ನಾನೊಬ್ಬಳೇ. ಗಂಡನ ಮನೆಯಿಂದ ಎರಡೇ ವರ್ಷಕ್ಕೆ ತಿರುಗಿ ಬಂದು ಅಪ್ಪನ ಮನೆಯಲ್ಲಿ ಕೂತಿದ್ದೆ. ಬಂದವರೆಲ್ಲ ಯಾಕೆ ಬಂದಿ, ಏನಾತು ಎಂದು ಕೆದಕುವವರೇ. ಕಾಕಾ ಕೇಳಲಿಲ್ಲ. ಮೊದಲ ದಿನ ಅವರು ಕೊಟ್ಟ ರಟ್ಟಿನಲ್ಲಿ, “ಇರಿವಿಗೆ ತಾನು ಇರಿವಿ ಅಂತ ಗೊತ್ತಿರತೈತೇನು?” ಎಂದಿತ್ತು. ನಾನು, “ನನಗ ನಾ ಯಾರಂತ ಗೊತ್ತಿಲ್ಲ, ಇರಿವಿದು ತಗೊಂಡು ಏನ ಮಾಡ್ಲಿ” ಎಂದು ಬರೆದು ಅವರ ಕಡೆ ತಿರುಗಿಸಿ ಹಿಡಿದೆ. ಓದಿ ಅವರು ನಕ್ಕ ನಗುವಿಗೆ ಕಟ್ಟೆಯ ಮೇಲಿದ್ದ ಬೆಕ್ಕು ಎದ್ದು ಓಡಿತು. ಹತ್ತನೇ ತರಗತಿಗೆ ಓದು ಬಿಟ್ಟವಳು ನಾನು. ಈಗ ಇಷ್ಟು ಬರೆಯುತ್ತಿದ್ದೇನೆಂದರೆ ಅದು ಆ ರಟ್ಟುಗಳ ಮೇಲೆ ಕಲಿತದ್ದು.

ನನ್ನ ಕೆಲಸ ಎಳೆ ಹೊಸೆಯುವುದು. ಮಗ್ಗದಲ್ಲಿ ಉದ್ದ ಎಳೆಗಳ ಒಂದು ಹಾಸು ಮುಗಿದಾಗ, ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆ ಸೇರಿಸಬೇಕು. ಸಾವಿರಾರು ಎಳೆ. ಹೆಬ್ಬೆರಳು, ತೋರುಬೆರಳಿಗೆ ಚೂರು ಬೂದಿ ಹಚ್ಚಿಕೊಂಡು ಹೊಸೆದರೆ ಕೂಡಿಕೊಳ್ಳುತ್ತದೆ, ಬೂದಿ ಇಲ್ಲದಿದ್ದರೆ ಜಾರುತ್ತದೆ. ನಾನು ಎಡಚಿ. ಸಣ್ಣವಳಿದ್ದಾಗ ಅದಕ್ಕಾಗಿ ಅಪ್ಪನ ಕೈಯಲ್ಲಿ ಬಡಿಸಿಕೊಂಡಿದ್ದೇನೆ. ಕಾಕಾ ಮಾತ್ರ ನಾನು ಹೊಸೆದದ್ದನ್ನು ಭೂತಗನ್ನಡಿ ಹಿಡಿದು ನೋಡಿ, “ನಿನ್ನ ಹೊಸೆತ ಎಲ್ಲಾರದಕ್ಕಿಂತ ಉಲ್ಟಾ ತಿರುಗತೈತಿ. ಸಾವಿರದಾಗ ಇಟ್ರೂ ಗುರುತು ಹಿಡೀತೇನಿ” ಎಂದು ಬರೆದುಕೊಟ್ಟಿದ್ದರು. ಎಡಗೈಯನ್ನು ಹೊಗಳಿದವರು ಅವರೊಬ್ಬರೇ.

ಅಪ್ಪನಿಗೂ ಅವರಿಗೂ ಒಂದು ಮುಗಿಯದ ವಾದವಿತ್ತು. ಆಗಿನ್ನೂ ಕಾಕಾಗೆ ಒಂದು ಕಿವಿ ಅಷ್ಟಿಷ್ಟು ಕೇಳುತ್ತಿತ್ತು. ಅಪ್ಪ ದೈವಭಕ್ತ. ಸ್ನಾನ ಮಾಡದೆ ಮಗ್ಗದ ಕುಣಿಗೆ ಕಾಲಿಡುತ್ತಿರಲಿಲ್ಲ.

“ಒಂದು ಸೀರಿಗೆ ನೇಕಾರ ಬೇಕಂದ್ರ, ಇಷ್ಟ ದೊಡ್ಡ ಜಗತ್ತಿಗೆ ಬ್ಯಾಡೇನು? ಕಣ್ಣು ನೋಡು, ರೆಕ್ಕಿ ನೋಡು. ನಕ್ಷಿ ಇಲ್ಲದ ತಾನ ಆಗತೈತೇನು?” ಎನ್ನುತ್ತಿದ್ದ ಅಪ್ಪ.

“ನೇಕಾರ ಇಲ್ಲ ಅಂತ ನಾ ಎಲ್ಲಿ ಅಂದೆ ಅಣ್ಣಾ? ಗುರುತು ತೋರಸು ಅಂದೆ. ಚಂದ ಇರೂದು ಗುರುತಲ್ಲ. ಚಂದ ತಾನ ಆಗತೈತಿ. ಸಕ್ಕರಿ ಹರಳ ನೋಡು, ಯಾರು ಕೆತ್ತತಾರ? ತಪ್ಪು ಹಂಗಲ್ಲ. ತಪ್ಪಾಗಬೇಕಂದ್ರ, ಏನೋ ಒಂದು ಮಾಡಬೇಕಂತ ಯಾರರೆ ಮನಸ್ಸ ಮಾಡಿರಬೇಕು. ಮನಸ್ಸ ಇದ್ದಲ್ಲಿ ತಪ್ಪ ಇರತೈತಿ.”

“ಹಂಗಾರ ನಮ್ಮನ್ನ ನೋಡೋ ಮಾರಾಯಾ,” ಎಂದ ಅಪ್ಪ. “ಇಷ್ಟ ತಪ್ಪು ಮತ್ತೆಲ್ಲಿ ಸಿಗತಾವ ನಿನಗ?”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಪ್ಪ ಹೋದ ಮೇಲೆ ಕಾಕಾ ಜೊತೆ ವಾದಕ್ಕೆ ಕೂಡುವವರು ಯಾರೂ ಉಳಿಯಲಿಲ್ಲ. ನಾನು ಬರೆಯುತ್ತಿದ್ದೆ ನಿಜ, ಆದರೆ ವಾದ ಮಾಡುವಷ್ಟು ನನಗೆ ತಿಳಿಯುತ್ತಿರಲಿಲ್ಲ.

ಅವರು ಕತೆ ಬರೆಯುತ್ತಿದ್ದರು, ಬೇರೆ ಲೋಕದವರ ಕತೆ. ಪತ್ರಿಕೆಗಳಿಗೆ ಕಳಿಸುವುದು, ಅದು ತಿರುಗಿ ಬರುವುದು, ಮತ್ತೊಂದಕ್ಕೆ ಕಳಿಸುವುದು. ಒಂದು ಕತೆ ನನಗೆ ಬಹಳ ಇಷ್ಟ. ದೂರದ ನಕ್ಷತ್ರದಿಂದ ಒಬ್ಬ ಮುಂಡರಗಿಯ ಬಸ್‌ಸ್ಟ್ಯಾಂಡಿಗೆ ಬಂದು ಇಳಿಯುತ್ತಾನೆ. ಅವನಿಗೆ ಕನ್ನಡ ಬರುತ್ತದೆ, ಗಣಿತ ಬರುತ್ತದೆ, ಬೆಳಕಿಗಿಂತ ಜಲ್ದಿ ಓಡುವುದು ಬರುತ್ತದೆ. ಬಾಕಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಎಲೆಗೆ ಸುಣ್ಣ ಹಚ್ಚುತ್ತ, “ಯಾವೂರ ಆತ್ರಿ? ಯಾರ ಪೈಕಿ?” ಎಂದು ಕೇಳುತ್ತಾರೆ. ಅವನಿಗೆ ಉತ್ತರ ಗೊತ್ತಿಲ್ಲ. ಎರಡನೆಯವರು ಬಂದು ಅದನ್ನೇ ಕೇಳುತ್ತಾರೆ, ಮೂರನೆಯವರೂ ಅದನ್ನೇ. ಸಂಜೆಯವರೆಗೆ ಕೂತಿದ್ದು, ಇಲ್ಲಿಯವರಿಗೆ ಬೇಕಾದ ಒಂದೇ ವಿದ್ಯೆ ತನಗೆ ಬರುವುದಿಲ್ಲ ಎಂದು ಅವನು ಹೊರಟುಹೋಗುತ್ತಾನೆ. ಹೋಗುವ ಮೊದಲು ಬಸ್‌ಸ್ಟ್ಯಾಂಡಿನ ಒಂದು ಗುಬ್ಬಿಯ ಹತ್ತಿರ ಐದು ನಿಮಿಷ ಏನೋ ಮಾತಾಡುತ್ತಾನೆ. ಏನು ಮಾತಾಡಿದ ಎಂದು ನಾನು ಕೇಳಿದ್ದಕ್ಕೆ ಕಾಕಾ, “ಗೊತ್ತಿದ್ರ ಕತಿ ಯಾಕ ಬರೀತಿದ್ದೆ?” ಎಂದು ಬರೆದರು.

ಅವರ ಕೊನೆಯ ವರ್ಷದಲ್ಲಿ ನಮ್ಮ ವೈನಿ, ನನ್ನ ಅಣ್ಣನ ಹೆಂಡತಿ, ತನ್ನ ಫೋನು ತಂದು, ಇದರೊಳಗೆ ಏನು ಕೇಳಿದರೂ ಹೇಳುವ ಬುದ್ಧಿ ಇದೆ, ನಿಮಗೆ ಬೇಕಾದದ್ದು ಇದೇ ಅಲ್ಲವೇ ಎಂದು ಮುಂದೆ ಹಿಡಿದಳು. ಕಾಕಾ ಒಂದು ತಾಸು ಅದರ ಜೊತೆ ಅಕ್ಷರದಲ್ಲಿ ಮಾತಾಡಿದರು. ಮರ್ಯಾದೆಯಿಂದ ಫೋನು ತಿರುಗಿ ಕೊಟ್ಟು, ನನಗೆ ಬರೆದರು: “ಶಾಣೇದ ಐತಿ. ಆದ್ರ ಎಲ್ಲಾ ನಮ್ಮ ಮಂದಿ ಮಾತ. ಬ್ಯಾರೆದವರು ಬೇಕು ನನಗ.”

ಆ ಬೇರೆಯವರನ್ನು ಅವರು ಅದಕ್ಕೂ ಎಷ್ಟೋ ಮೊದಲಿನಿಂದ ಗೀಜಗನಲ್ಲಿ ಹುಡುಕುತ್ತಿದ್ದರು. “ದೊಡ್ಡ ದೊಡ್ಡ ದೇಶದವರು ಆಕಾಶಕ್ಕ ಕಿವಿ ಹಚ್ಚಿ ಕುಂತಾರ. ನನಗ ಕಿವಿ ಇಲ್ಲ, ಕಣ್ಣು ಹಚ್ಚಿ ಕುಂಡ್ರತೇನಿ,” ಎಂದಿದ್ದರು. ಅಸುಂಡಿಯ ಹೊಲವೊಂದರಲ್ಲಿ ಹಳೆಯ ಬಾವಿ, ಬಾವಿಯ ಮೇಲೆ ಬಾಗಿದ ಜಾಲಿಗಿಡ, ಗಿಡದ ತುಂಬ ಗೂಡು. ಮಳೆಗಾಲದಲ್ಲಿ ಪ್ರತಿ ಭಾನುವಾರ ಸೈಕಲ್ ಹೊಡೆದುಕೊಂಡು ಅಲ್ಲಿಗೆ ಹೋಗುತ್ತಿದ್ದರು. ಬೇಲಿಯ ಮುಳ್ಳಿಗೆ ಕೆಂಪು, ಹಳದಿ, ನೀಲಿ ಎಳೆಗಳನ್ನು ಸಿಕ್ಕಿಸಿ, ದೂರ ಬದುವಿನ ಮೇಲೆ ಕೂಡುತ್ತಿದ್ದರು. ನಾನೂ ಕೆಲವು ಸಲ ಟಂಟಂ ಆಟೋ ಹತ್ತಿ ಹೋಗಿ ಪಕ್ಕದಲ್ಲಿ ಕೂತಿದ್ದೇನೆ. ಅಲ್ಲಿ ಕೇಳುವವರು ಯಾರೂ ಇಲ್ಲದ್ದರಿಂದ ಕಾಕಾ ಬಾಯಿಬಿಟ್ಟು ಮಾತಾಡುತ್ತಿದ್ದರು.

“ಗಂಡು ಅರ್ಧ ಗೂಡು ನೇಯ್ದು ಕಾಯತೈತಿ. ಹೆಣ್ಣು ಬಂದು ನೋಡಿ ಒಪ್ಪಿದ್ರ ಪೂರಾ ಮಾಡತೈತಿ. ಒಲ್ಲೆ ಅಂದ್ರ ಅಲ್ಲಿಗೇ ಬಿಡತೈತಿ. ನಾವು ಆರ ತಿಂಗಳ ಕಲಿತ ಗಂಟ, ಅದಕ್ಕ ಯಾರು ಕಲಿಸಿದ್ರು ಯವ್ವಾ? ಅದು ವಿಚಾರ ಮಾಡಿ ಹಾಕತೈತೋ, ಮಗ್ಗದಂಗ ಬರೇ ನಡೀತೈತೋ? ನನ್ನ ಎಳಿ ಅದರ ಗೂಡಿಗೆ ಬೇಕಾಗಿಲ್ಲ. ಬ್ಯಾಡಾಗಿದ್ದನ್ನ ಎತ್ತಿಗೊಂಡು, ಇಲ್ಲಿ ಹಾಕಿದ್ರ ಹೆಂಗ ಅಂತ ಒಂದ ಸಲ, ಒಂದ ಎಳಿ ಹಾಕ್ಲಿ. ಸಾಕು. ಅತ್ತಾಗ ಯಾರೋ ಅದಾರ ಅಂತ ತಿಳ್ಕೋತೇನಿ.”

ಏಳು ಮಳೆಗಾಲ ಒಂದು ಎಳೆಯನ್ನೂ ಹಕ್ಕಿ ಮುಟ್ಟಲಿಲ್ಲ. ಹೆಣ್ಣು ಒಲ್ಲದೆ ಬಿಟ್ಟ ಗೂಡುಗಳನ್ನಷ್ಟೇ ಹಂಗಾಮು ಮುಗಿದ ಮೇಲೆ ಕಾಕಾ ಬಿಡಿಸಿ ತರುತ್ತಿದ್ದರು. ಹೊಲದ ಯಜಮಾನ ಪ್ರತಿ ಸಲವೂ, “ಏನ್ರಿ, ನಿಮ್ಮ ಹಕ್ಕಿ ಏನರೆ ಅಂತೋ?” ಎಂದು ಕೇಳುತ್ತಿದ್ದ. ಕಾಕಾ ಅವನ ತುಟಿ ನೋಡಿ ತಿಳಿದುಕೊಂಡು, “ಇನ್ನೂ ವಿಚಾರ ಮಾಡಾಕ ಹತ್ತೈತಿ” ಎನ್ನುತ್ತಿದ್ದರು.

ಹೋದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅವರು ಮೆಟ್ಟಿಲ ಮೇಲೆ ಕುಸಿದರು. ಗುಂಡಿಗೆ ಸೋತಿದೆ, ಸೈಕಲ್ ಮುಟ್ಟಬೇಡಿ, ಬಿಸಿಲು-ಮಳೆಯಲ್ಲಿ ಅಲೆಯಬೇಡಿ ಎಂದು ಡಾಕ್ಟರು ನನ್ನ ಎದುರಿಗೇ ಹೇಳಿದರು. ಆ ಮಾತನ್ನು ರಟ್ಟಿನ ಮೇಲೆ ಬರೆದು ತೋರಿಸಬೇಕಾದವಳೂ ನಾನೇ. ಕಾಕಾ ಓದಿ, “ಇದೊಂದ ಮಳಿಗಾಲ” ಎಂದು ಬರೆದರು. ಅವರಿಗೆ ಸಾವಿನ ಹೆದರಿಕೆ ಇರಲಿಲ್ಲ. ಉತ್ತರ ಬಾರದೆ ಹೋಗುತ್ತೇನಲ್ಲ ಎಂಬುದಷ್ಟೇ ಅವರ ಸಂಕಟ. ಅದು ನನಗೆ ಗೊತ್ತಿತ್ತು. ಅದಕ್ಕೇ ನಾನು ಆ ಕೆಲಸ ಮಾಡಿದೆ.

ಅವತ್ತು ಗುರುವಾರ. ಮಧ್ಯಾಹ್ನ ಕೆಲಸ ಮುಗಿಸಿ, ಚೀಲ ಹೆಗಲಲ್ಲಿರುವಂತೆಯೇ ಅಸುಂಡಿಯ ಕಡೆ ಹೋಗುವ ಟಂಟಂ ಹತ್ತಿದೆ. ಹೊಲದಲ್ಲಿ ಯಾರೂ ಇರಲಿಲ್ಲ. ಜಾಲಿಗಿಡದ ತಗ್ಗಿನ ಟೊಂಗೆಯಲ್ಲಿ ಅರ್ಧ ನೇಯ್ದು ಬಿಟ್ಟ ಗೂಡೊಂದಿತ್ತು. ಕಲ್ಲಿನ ಮೇಲೆ ಹತ್ತಿ ನಿಂತೆ. ಬೇಲಿಗೆ ಸಿಕ್ಕಿಸಿದ್ದ ಒಂದು ಕೆಂಪು ಎಳೆ ಬಿಡಿಸಿಕೊಂಡು, ಗೂಡಿನ ಹುಲ್ಲೆಳೆಯೊಂದರ ತುದಿಗೆ ಹೊಸೆದು ಸೇರಿಸಿ, ತಲೆಯ ಪಿನ್ನಿನಿಂದ ಒಳಗೆ-ಹೊರಗೆ ನಾಲ್ಕು ಸಲ ಹಾಯಿಸಿದೆ. ಸೊಟ್ಟಗೇ ಹಾಯಿಸಿದೆ, ಹಕ್ಕಿ ಮಾಡಿದಂತೆ ಕಾಣಲಿ ಎಂದು. ಮೇಲೆ ಗಂಡುಹಕ್ಕಿಗಳು ಒಂದೇ ಸವನೆ ಚೀರುತ್ತಿದ್ದವು. ಕಳ್ಳತನ ಮಾಡಿದವಳಂತೆ ಹಿಂದೆ-ಮುಂದೆ ನೋಡುತ್ತ ಕಲ್ಲಿನಿಂದ ಇಳಿದೆ. ಆದರೂ ಮನೆಗೆ ಬರುವಾಗ ದಾರಿಯುದ್ದಕ್ಕೂ ನಗು ಬರುತ್ತಿತ್ತು.

ಭಾನುವಾರ ಇಬ್ಬರೂ ಟಂಟಂನಲ್ಲೇ ಹೋದೆವು. ಹೊಲದ ದಾರಿಯಲ್ಲಿ ಕಾಕಾ ಮೂರು ಕಡೆ ಕೂತು ಸುಧಾರಿಸಿಕೊಂಡರು. ಗಿಡ ಕಂಡ ಕೂಡಲೇ ಅವರ ಕಣ್ಣು ಕೆಂಪು ಎಳೆಯ ಮೇಲೆ ಬಿತ್ತು. ಕೈಯಲ್ಲಿದ್ದ ಛತ್ರಿ ಜಾರಿತು. ನಡೆಯಲು ಆಗದ ಮನುಷ್ಯ ಹತ್ತು ಹೆಜ್ಜೆ ಓಡಿದರು. ನಾನು ಆ ಮುಖವನ್ನು ಸಾಯುವವರೆಗೆ ಮರೆಯುವುದಿಲ್ಲ. ಭೂತಗನ್ನಡಿ ತೆಗೆದು ಗೂಡಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಳೆ ಕೂಡಿದಲ್ಲಿ ಮತ್ತೊಮ್ಮೆ ಹಿಡಿದರು. ಕನ್ನಡಿ ಕಿಸೆಗೆ ಹಾಕಿ ನನ್ನ ಕಡೆ ತಿರುಗಿದರು.

“ಬಂತ ನೋಡ ಯವ್ವಾ,” ಎಂದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಯಜಮಾನ ಎದುರಾಗಿ, “ಇವತ್ತರೆ ಏನರೆ ಅಂತೋ?” ಎಂದ. ನಾನೇ, “ಅಂತ್ರೀ, ಅಂತು!” ಎಂದು ಕೂಗಿದೆ. ಅವನು ನಕ್ಕ. ಕಾಕಾ ಗಿಡದಿಂದ ಬಿಡಿಸಿಕೊಂಡ ಆ ಗೂಡನ್ನು ದೇವರಿಗೆ ಒಯ್ಯುವ ತೆಂಗಿನಕಾಯಿಯಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಡೆದರು.

ಊರಿಗೆಲ್ಲ ಡಂಗುರ ಸಾರುತ್ತಾರೆ, ಪತ್ರಿಕೆಗೆ ಬರೆಯುತ್ತಾರೆ, ಯಾರೋ ತಿಳಿದವರು ಬಂದು ನೋಡಿ ನಗುತ್ತಾರೆ ಎಂದು ನಾನು ಹೆದರಿದ್ದೆ. ಅವರು ಯಾರಿಗೂ ಹೇಳಲಿಲ್ಲ. ಬೇಲಿಗೆ ಮತ್ತೆ ಎಳೆ ಸಿಕ್ಕಿಸಲಿಲ್ಲ. ನಮ್ಮ ರಟ್ಟುಗಳಲ್ಲಿ ಗುಳಿಗೆ, ಗಂಜಿ, ಕರೆಂಟು ಹೋದದ್ದು ಎಲ್ಲ ಬಂತು, ಗೂಡಿನ ಮಾತು ಮಾತ್ರ ಬರಲಿಲ್ಲ. ತೃಪ್ತಿಯಾಗಿದೆ, ಅದಕ್ಕೇ ಸುಮ್ಮನಿದ್ದಾರೆ ಎಂದು ನಾನು ಒಳಗೊಳಗೇ ಬೀಗಿದೆ. ಹೇಳಿಬಿಡಲೇ ಎಂದು ಎರಡು ಸಲ ಪೆನ್ನು ಎತ್ತಿ ಕೆಳಗಿಟ್ಟದ್ದೂ ಉಂಟು. ದಸರೆಗೆ ಮುಂಚೆ ಒಂದು ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದಾಗ ಅವರು ಏಳಲಿಲ್ಲ.

ಮಾಲಕಿ ಕೆಳಗಿಳಿದು ಹೋದ ಮೇಲೆ ನಾನು ಗೂಡುಗಳನ್ನು ಒಂದೊಂದಾಗಿ ಬಿಚ್ಚತೊಡಗಿದೆ. ಪ್ರತಿಯೊಂದಕ್ಕೂ ಒಂದು ರಟ್ಟು ಕಟ್ಟಿತ್ತು. ಯಾವ ಊರು, ಯಾವ ಗಿಡ, ಯಾವ ಮಳೆ, ಕೊನೆಗೆ “ಉತ್ತರ ಇಲ್ಲ.” ಮೂವತ್ತು ಸಲ ಅದನ್ನೇ ಓದಿದೆ. ಮೂವತ್ತೊಂದನೆಯದು ಕಿಟಕಿಯ ಹತ್ತಿರ, ಅವರ ಹಾಸಿಗೆಗೆ ಎದುರಾಗಿ ತೂಗುತ್ತಿತ್ತು. ಅದರ ರಟ್ಟಿನ ಮೇಲರ್ಧದಲ್ಲಿ ಒತ್ತೊತ್ತಾಗಿ ಬರೆದಿದ್ದರು:

“ಅಸುಂಡಿ ಬಾವಿ, ಜಾಲಿಗಿಡ. ಕೆಂಪು ಎಳಿ ಒಂದು. ಕೂಡಿಸಿದಲ್ಲಿ ಬೂದಿ ಐತಿ. ಹೊಸೆತ ಎಡಗೈದು. ಹಕ್ಕಿದಲ್ಲ. ಏಳು ಮಳಿಗಾಲ ಉತ್ತರ ಬರಲಿಲ್ಲಂತ ಕುಂತೆ. ಬಂದ ಉತ್ತರಕ್ಕ ತಿರುಗಿ ಒಂದ ಮಾತ ಆಡಲಿಲ್ಲ. ಯವ್ವಾ, ನೀನ ಹೌದಲ್ಲ?”

ಗೂಡನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕೆಂಪಿನ ಮೇಲೆ ಉಗುರಿನಷ್ಟು ಬೂದು ಕಲೆ. ಚೀಲದಲ್ಲಿದ್ದ ಬೂದಿಯ ಡಬ್ಬಿಗೆ ನನ್ನ ಕೈ ಯಾವಾಗ ಹೋಗಿತ್ತೋ ನನಗೇ ತಿಳಿದಿರಲಿಲ್ಲ. ಎಳೆ ಹೊಸೆಯುವುದೆಂದರೆ ಬೆರಳಿಗೆ ಬೇರೆ ದಾರಿಯೇ ಗೊತ್ತಿಲ್ಲ. ಹಂದರದಲ್ಲಿ ಹತ್ತು ಮಾರು ದೂರದಿಂದ ದಂಟಿಲ್ಲದ ಹೂವು ಕಂಡುಹಿಡಿದವರ ಎದುರಿಗೆ ನಾನು ಇಂಥ ಕೆಲಸ ಮಾಡಿ ಗೆದ್ದೆ ಎಂದುಕೊಂಡಿದ್ದೆ.

ಮೊದಲು ಬಂದದ್ದು ಸಿಟ್ಟು. ಗೊತ್ತಿದ್ದೂ ಯಾಕೆ ಹೇಳಲಿಲ್ಲ? ಆಮೇಲೆ ಆ ಸಿಟ್ಟು ನನ್ನ ಮೇಲೇ ತಿರುಗಿತು. ನಾನೂ ಹೇಳಲಿಲ್ಲವಲ್ಲ. ನನಗೆ ನೋವಾದೀತು ಎಂದು ಅವರು, ಅವರಿಗೆ ನೋವಾದೀತು ಎಂದು ನಾನು, ಒಂದೇ ಕಟ್ಟೆಯ ಮೇಲೆ ಎರಡು ತಿಂಗಳು ಗುಳಿಗೆ-ಗಂಜಿಯ ಮಾತು ಬರೆಯುತ್ತ ಕೂತೆವು. ಒಬ್ಬರು ಬಾಯಿಬಿಟ್ಟಿದ್ದರೆ ಬೆಕ್ಕು ಓಡುವಂತೆ ಇಬ್ಬರೂ ನಗುತ್ತಿದ್ದೆವೇನೋ. ನಾನು ಆ ಗೂಡುಗಳ ನಡುವೆ ಕೂತು ಅತ್ತೆ. ಅವರು ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ.

ರಟ್ಟಿನ ಕೆಳಗಿನ ಅರ್ಧ ಖಾಲಿ ಇತ್ತು, ಯಾವಾಗಲೂ ನನಗೆ ಬಿಡುತ್ತಿದ್ದಂತೆ. ಚೀಲದಿಂದ ಪೆನ್ನು ತೆಗೆದು ಬರೆದೆ: “ಹೌದು ಕಾಕಾ. ನಾನ.”

ಬರೆದು ಮುಗಿಸಿ, ರೂಢಿಯಂತೆ ರಟ್ಟನ್ನು ಅವರು ಕೂಡುತ್ತಿದ್ದ ಕಡೆಗೆ ತಿರುಗಿಸಿ ಹಿಡಿದೆ.